ಛೀ ಮೇಸ್ತ್ರಿಯ ಮುಚ್ಚಳ

ನಮ್ಮ ದೊಡ್ಡಪ್ಪನನ್ನು ಕಂಡರೆ ನನಗೆ ಅಸಹ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನನ್ನನ್ನು ಮನಸ್ಸಲ್ಲೊಂದು ಬಾಯಲ್ಲೊಂದು ಅನ್ನಬಾರದು. ಎದುರಿಗೆ ಸಿಕ್ಕರೆ ಈಗಲೂ 'ನೀವು' ಎಂದೇ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಆ ಮರ್ಯಾದೆ ಕೈಯಿಂದ ಬರುವುದಿಲ್ಲ.

ಊರಿನವರು ಅವನನ್ನು ಛೀ ಮೇಸ್ತ್ರಿ ಎನ್ನುತ್ತಾರೆ. ಡೀಸೆಲ್ ಇಂಜಿನ್ ರಿಪೇರಿಯಲ್ಲಿ ಎತ್ತಿದ ಕೈ. ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಕಾಂಕ್ರೀಟ್ ಕಲಸುವ ಯಂತ್ರ, ಹೊಳೆಯ ದೋಣಿ, ಹೀಗೆ ಒಂದೇ ಸಿಲಿಂಡರಿನ ಸಣ್ಣ ಇಂಜಿನ್ನು ಎಲ್ಲಿ ಕೆಮ್ಮಿ ನಿಂತರೂ ಅವನಿಗೇ ಕರೆ. ಅವನ ಕಸುಬಿನವರೆಲ್ಲ ಮೊಣಕೈವರೆಗೆ ಕಪ್ಪು ಬಳಿದುಕೊಂಡು ಓಡಾಡಿದರೆ ಇವನು ಬಿಳಿ ಅಂಗಿಯ ತೋಳು ಮಡಚಿಕೊಂಡು ಬರುತ್ತಾನೆ. ಅವನ ಚೀಲದಲ್ಲಿ ಸ್ಪ್ಯಾನರಿಗಿಂತ ಮೇಲೆ ಸಾಬೂನಿನ ಡಬ್ಬಿ, ಅದರ ಪಕ್ಕ ಒಗೆದು ಮಡಚಿದ ಬಟ್ಟೆ, ಬಟ್ಟೆಯೊಳಗೆ ತನ್ನದೇ ಒಂದು ಸ್ಟೀಲ್ ಲೋಟ. ಯಾರ ಮನೆಯಲ್ಲೂ ಅವರ ಲೋಟದಲ್ಲಿ ನೀರು ಕುಡಿದವನಲ್ಲ. ಸ್ವಂತ ತಮ್ಮನ ಮನೆ, ಅಂದರೆ ನಮ್ಮ ಮನೆ, ಅದಕ್ಕೂ ವಿನಾಯಿತಿ ಇರಲಿಲ್ಲ. ಬೇರೆಯವರ ವಸ್ತುವನ್ನು ಅವನು ಇಡೀ ಕೈಯಿಂದ ಹಿಡಿಯುವುದೂ ಇಲ್ಲ. ಎರಡೇ ಬೆರಳ ತುದಿಯಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತುತ್ತಾನೆ. ಕೂರುವ ಮೊದಲು ಬೆಂಚು ಒರೆಸುತ್ತಾನೆ. ಎದ್ದ ಮೇಲೆ ಅಂಗಿ ಕೊಡವುತ್ತಾನೆ.

“ಹುಟ್ಟಿದ ತಕ್ಷಣ ಸೂಲಗಿತ್ತಿಗೇ ಕೈ ತೊಳ್ಕೊಂಡು ಬಾ ಅಂದಿರ್ಬೇಕು ನಿಮ್ಮ ದೊಡ್ಡಪ್ಪ,” ಎಂದು ಅಮ್ಮ ಹೇಳುತ್ತಾಳೆ.

ಹಾಗೇನಿಲ್ಲ, ಈ ರೋಗ ಆಮೇಲೆ ಬಂದದ್ದು. ಪ್ರಾಯದಲ್ಲಿ ಅವನೂ ಎಲ್ಲರಂತೆ ಟ್ಯಾಂಕಿನ ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆದು ಉಗಿಯುತ್ತ ಕೆಲಸ ಕಲಿತವನು. ಒಂದು ಸಲ ಯಾವುದೋ ಇಟ್ಟಿಗೆ ಭಟ್ಟಿಯ ಪಂಪಿನ ಟ್ಯಾಂಕು. ವರ್ಷಗಟ್ಟಲೆ ಯಾರೂ ತೊಳೆಯದೆ ತಳದಲ್ಲಿ ನೀರು ನಿಂತು, ಅದು ಲೋಳೆಗಟ್ಟಿ, ಸಿಂಬಳದ ಕಪ್ಪು ಬಣ್ಣದ ಅಣ್ಣನಂತಾಗಿತ್ತು. ಪೈಪು ಕಟ್ಟಿಕೊಂಡಿದೆಯೆಂದು ಇವನು ಉಸಿರು ಹಿಡಿದು ಎಳೆದ. ಬಾಯಿ ತುಂಬ ಆ ಲೋಳೆ ಬಂತು; ಲೋಳೆಯ ಜೊತೆಗೆ ಕೊಳೆತ ಹಲ್ಲಿಯ ಅರ್ಧವೂ ಬಂತು. ಇನ್ನರ್ಧ ಎಲ್ಲಿ ಹೋಯಿತೆಂಬುದು ಅವನಿಗೆ ಇವತ್ತಿಗೂ ಖಾತ್ರಿಯಿಲ್ಲ. ಅವತ್ತು ಸಾಯಂಕಾಲದವರೆಗೂ ವಾಂತಿ ಮಾಡಿದನಂತೆ. ಅಲ್ಲಿಂದ ಮುಂದೆ ಅವನ ಬಾಯಿಯಲ್ಲಿ ಉಳಿದದ್ದು ಒಂದೇ ಶಬ್ದ, ಛೀ. ಮದುವೆಯಾಗಿ ಬಂದ ದೊಡ್ಡಮ್ಮ ಅರ್ಧ ಆಯುಸ್ಸನ್ನು ನೆಲ ಒರೆಸುತ್ತಲೇ ಕಳೆದಳು. ಈಗ ಅವಳಿಗೆ ಮಂಡಿ ಬಗ್ಗುವುದಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಅಸಹ್ಯವೇ ಅವನಿಗೆ ಕಸುಬು ಕಲಿಸಿತು. ಸಣ್ಣ ಡೀಸೆಲ್ ಇಂಜಿನ್ನು ನಿಂತಿತೆಂದರೆ ಹೆಚ್ಚಿನ ಸಲ ಇಂಜಿನ್ನಿನ ತಪ್ಪಿರುವುದಿಲ್ಲ. ಅದಕ್ಕೆ ಉಣ್ಣಲು ಸಿಕ್ಕಿರುವುದಿಲ್ಲ. ಇದು ದೊಡ್ಡಪ್ಪನಿಗೆ ಮೈಗೂಡಿತ್ತು. ಕರೆದ ಕಡೆ ಹೋಗಿ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಾನೆ. ಸೀಮೆಎಣ್ಣೆ ಬೆರೆತಿದೆಯೋ, ನೀರು ಸೇರಿದೆಯೋ, ಹಳಸಿದೆಯೋ, ಮೂಗಿಗೇ ತಿಳಿಯುತ್ತದೆ. “ಛೀ!” ಎನ್ನುತ್ತಾನೆ. ಅಲ್ಲಿಂದ ಡೀಸೆಲ್ ಹರಿಯುವ ದಾರಿಯಲ್ಲೇ ಇಳಿಯುತ್ತಾನೆ: ಟ್ಯಾಂಕಿನ ನಲ್ಲಿ, ಪೈಪು, ಫಿಲ್ಟರ್, ಪಂಪು, ಕೊನೆಗೆ ನಾಜಲ್. ನಡುವೆ ಎಲ್ಲಾದರೂ ಗಾಳಿ ಸೇರಿಕೊಂಡಿದ್ದರೆ ಸಣ್ಣ ಸ್ಕ್ರೂ ಒಂದನ್ನು ಸಡಿಲಿಸಿ, ಗುಳ್ಳೆಗಳೆಲ್ಲ ಹೋಗಿ ಬರೀ ಡೀಸೆಲ್ ಒಸರುವವರೆಗೆ ಕಾದು, ಬಿಗಿ ಮಾಡುತ್ತಾನೆ. ಹೆಜ್ಜೆ ಹೆಜ್ಜೆಗೂ ಒಂದು ಛೀ, ಮಾಲೀಕನಿಗೆ ಬಾಯಿಗೆ ಬಂದಂತೆ ಬೈಗುಳ. “ಇದನ್ನ ನೀನು ಕುಡೀತೀಯೇನಯ್ಯಾ? ಮತ್ತೆ ಇಂಜಿನ್ನಿಗೆ ಯಾಕೆ ಕುಡಿಸ್ತೀಯ?” ಬೈಸಿಕೊಂಡವರು ಮತ್ತೆ ಅವನನ್ನೇ ಕರೆಯುತ್ತಿದ್ದರು.

ನನ್ನ ಅಪ್ಪ ಅವನ ತಮ್ಮ. ಅದೇ ಊರಿನ ಹೊಳೆಯಲ್ಲಿ ದೋಣಿ ಓಡಿಸುವವನು. ದೋಣಿ ಸಾಹುಕಾರನದು. ಈ ದಡದಲ್ಲಿ ಪೇಟೆ, ಆ ದಡದಲ್ಲಿ ಕಾರ್ಖಾನೆ, ನಡುವೆ ಅಪ್ಪ. ಕಟ್ಟೆಯ ಮೇಲಿನ ತಗಡಿನ ಗೂಡಿನಲ್ಲಿ ಕೂತು ಟಿಕೆಟ್ ಹರಿಯುವವಳು ನಾನು. ಅಪ್ಪನ ಉಗುರಿನ ಸಂದಿಯ ಕಪ್ಪು ನಾನು ಹುಟ್ಟುವ ಮೊದಲಿನದು, ಉಜ್ಜಿದರೂ ಹೋಗುವಂಥದ್ದಲ್ಲ. ಜನರ ಮೂಟೆ ಎತ್ತಿಕೊಡುತ್ತಾನೆ, ಮಕ್ಕಳ ಮೂಗು ಒರೆಸುತ್ತಾನೆ, ಹಾಗೇ ಬಂದು ಚಕ್ರ ಹಿಡಿಯುತ್ತಾನೆ. ಅಪ್ಪ ಹತ್ತಿರ ಬಂದರೆ ಸಾಕು, ದೊಡ್ಡಪ್ಪನ ಬಾಯಿಂದ ಬರುವ ಮಾತು ಒಂದೇ: “ಕೈ ತೊಳ್ಕೊಂಡು ಬಾ.” ಅಪ್ಪ ನಗುತ್ತ ಹೋಗಿ ತೊಳೆದುಕೊಂಡು ಬರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದೋಣಿಯ ಫಿಲ್ಟರಿನಲ್ಲಿ ಜಿರಳೆ ಸಿಕ್ಕಿತು.

ಹಳೆಯ ಟ್ಯಾಂಕಿನ ಮುಚ್ಚಳ ತಗಡಿನದು. ಅಂಚು ನೆಗ್ಗಿ ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು. ನಡುವೆ ಸೂಜಿ ತೂರುವಷ್ಟು ಒಂದು ತೂತು. ದೊಡ್ಡಪ್ಪ ಆ ಜಿರಳೆಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಕಟ್ಟೆಯ ಮೇಲಿದ್ದವರಿಗೆಲ್ಲ ತೋರಿಸಿದ. ಅವನ ಮುಖ ಬೆವರಿತ್ತು. ಹಳೆಯ ಹಲ್ಲಿ ಗಂಟಲಿಗೆ ಬಂದಿರಬೇಕು. ಮುಚ್ಚಳವನ್ನು ಹೊಳೆಗೆ ಎಸೆದು ಮನೆಗೆ ಹೋದ. ಎರಡು ದಿನ ಕೂತು ಹೊಸದನ್ನು ಮಾಡಿದ. ದಪ್ಪ ತಗಡು, ಒಳಗೆ ರಬ್ಬರಿನ ಬಳೆ, ಹೊರಗೆ ಚಿಲಕ, ಚಿಲಕಕ್ಕೆ ಬೀಗ. ತೂತು ಗೀತು ಏನೂ ಇಲ್ಲ.

“ಇನ್ನು ಒಂದು ಇರುವೆ ಒಳಗೆ ಹೋಗ್ಲಿ ನೋಡೋಣ,” ಎಂದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. “ಇನ್ಮೇಲೆ ಡೀಸೆಲ್ ನಾನೇ ತುಂಬಿಸ್ತೀನಿ. ನೀನು ಇದನ್ನ ಮುಟ್ಬೇಡ. ನಿನ್ನ ಕೈ ಕೊಳಕು.”

“ಆಯ್ತಣ್ಣ,” ಎಂದ ಅಪ್ಪ.

ಆ ವಾರದಿಂದಲೇ ದೋಣಿ ನಡುಹೊಳೆಯಲ್ಲಿ ನಿಲ್ಲತೊಡಗಿತು. ದಡದಿಂದ ಚೆನ್ನಾಗಿ ಹೊರಡುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸದ್ದು ತೆಳ್ಳಗಾಗುತ್ತದೆ, ಒಂದೆರಡು ಸಲ ಬಿಕ್ಕುತ್ತದೆ, ಸುಮ್ಮನಾಗುತ್ತದೆ. ಅಪ್ಪ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಲು ನೋಡುತ್ತಾನೆ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸೋಲುತ್ತಾನೆ. ಕೊನೆಗೆ ಗಳ ಹಾಕಿ ದಡಕ್ಕೆ ತಳ್ಳಬೇಕು. ಕಾರ್ಖಾನೆಯ ಹೊತ್ತು ಮೀರಿದವರು ಅಪ್ಪನ ಜನ್ಮ ಜಾಲಾಡುತ್ತಾರೆ. ದೊಡ್ಡಪ್ಪನನ್ನು ಕರೆಸಿದರೆ ಅವನು ಬಂದು ಬೀಗ ತೆಗೆದು, ಮುಚ್ಚಳ ತೆರೆದು, ಮೂಸಿ, “ಡೀಸೆಲ್ ಹೂವಿನ ಹಾಗಿದೆ” ಎನ್ನುತ್ತಾನೆ. ಫಿಲ್ಟರ್ ನೋಡುತ್ತಾನೆ, ಕನ್ನಡಿ. ಪೈಪು, ಪಂಪು, ನಾಜಲ್ ಎಲ್ಲ ಸರಿ. ಹ್ಯಾಂಡಲ್ ಹೊಡೆದರೆ ಒಂದೇ ಏಟಿಗೆ ಇಂಜಿನ್ ಶುರು. ದಡದಲ್ಲಿ ನಿಂತಿದ್ದವರು ಅಪ್ಪನನ್ನು ಒಂದು ಥರ ನೋಡುತ್ತಾರೆ.

“ಅಣ್ಣ, ಅಲ್ಲಿ ನಿಂತಾಗ ಸ್ಕ್ರೂ ಬಿಚ್ಚಿದ್ರೆ ಡೀಸೆಲ್ಲೇ ಬರಲ್ಲ. ಗಾಳೀನ ಒಳಗೆ ಎಳ್ಕೊಳ್ಳುತ್ತೆ,” ಎಂದ ಅಪ್ಪ ಒಮ್ಮೆ.

“ಎಳ್ಕೊಳ್ಳುತ್ತಾ? ಇಂಜಿನ್ನು ಸಿಗರೇಟ್ ಸೇದೋಕೆ ಕಲ್ತಿದೆಯೇನೋ?” ಎಂದ ದೊಡ್ಡಪ್ಪ. ಸುತ್ತ ಇದ್ದವರು ಗೊಳ್ಳೆಂದರು.

“ಒಂದು ಸಲ ನನ್ ಜೊತೆ ಬಾ. ನಡುಹೊಳೇಲಿ ನಿಂತಾಗ ನೀನೇ ನೋಡು.”

ದೊಡ್ಡಪ್ಪ ದೋಣಿಯ ಒಳಗೆ ಕಣ್ಣಾಡಿಸಿದ. ಜನ ಉಗುಳಿದ ಹಲಗೆ, ಕೋಳಿ ಬುಟ್ಟಿಯಿಂದ ಉದುರಿದ ಪುಕ್ಕ, ಯಾರದೋ ಮಗು ವಾಂತಿ ಮಾಡಿದ ಮೂಲೆ. “ಛೀ! ಇದರಲ್ಲಿ ನಾನು ಕೂರ್ಬೇಕಾ?” ಎಂದು ಬೆನ್ನು ತಿರುಗಿಸಿದ. ಅವನು ಅದನ್ನು ಎಷ್ಟೋ ಸಲ ರಿಪೇರಿ ಮಾಡಿದ್ದಾನೆ. ದಡಕ್ಕೆ ಕಟ್ಟಿದಾಗ, ಹಲಗೆಯ ಮೇಲೆ ತನ್ನ ಬಟ್ಟೆ ಹಾಸಿಕೊಂಡು. ಹತ್ತಿ ಹೊಳೆ ದಾಟಿದ್ದು ಮಾತ್ರ ಯಾರೂ ನೋಡಿರಲಿಲ್ಲ.

ಇದು ಹೀಗೇ ನಡೆದು ನಡೆದು ಸಾಹುಕಾರನ ತಾಳ್ಮೆ ಮುಗಿಯಿತು. ಒಂದು ದಿನ ಕಟ್ಟೆಗೆ ಬಂದು ಕೇಳಿದ: “ಮೇಸ್ತ್ರಿ, ನೇರವಾಗಿ ಹೇಳಿ. ರೋಗ ಎಲ್ಲಿದೆ?”

ಅಷ್ಟರಲ್ಲಿ ದೊಡ್ಡಪ್ಪನಿಗೆ ಅಪ್ಪನ ಹಲಗೆಯ ಕೆಳಗೆ ಒಂದು ಬಾಟಲಿ ಸಿಕ್ಕಿತ್ತು. ಅದರಲ್ಲಿ ಅರ್ಧ ಡೀಸೆಲ್. ಹಳೆಯ ಮುಚ್ಚಳವಿದ್ದಾಗ ಗಾಳಿ ತೆಗೆಯುವ ಹೊತ್ತಿಗೆ ಗುಳ್ಳೆಗಳ ಜೊತೆ ಸ್ವಲ್ಪ ಒಸರುತ್ತಿತ್ತಲ್ಲ, ಅದನ್ನು ಅಪ್ಪ ಹೊಳೆಗೆ ಚೆಲ್ಲದೆ ಬಾಟಲಿಗೆ ಹಿಡಿದು, ನಟ್ಟು ಬೋಲ್ಟು ತೊಳೆಯಲು ಇಟ್ಟುಕೊಳ್ಳುತ್ತಿದ್ದ. ದೊಡ್ಡಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ.

“ಇಂಜಿನ್ನಲ್ಲಿ ಕೊಳಕಿಲ್ಲ ಸಾಹುಕಾರ್ರೇ. ಕೊಳಕು ಇರೋದು ಓಡಿಸೋನಲ್ಲಿ. ಗಾಳಿ ತೆಗೀತೀನಿ ಅಂತ ನಡುಹೊಳೇಲಿ ನಿಲ್ಲಿಸ್ತಾನೆ, ಸ್ಕ್ರೂ ಬಿಚ್ತಾನೆ, ಇಳಿಸ್ಕೊಳ್ತಾನೆ. ಟ್ಯಾಂಕಿಗೆ ಬೀಗ ಹಾಕಿದ್ನಲ್ಲ, ಅದಕ್ಕೇ ಈ ದಾರಿ. ತಮ್ಮ ಅಂತ ಹೇಳೋಕೂ ಛೀ ಅನ್ಸುತ್ತೆ.”

ನಾನು ಗೂಡಿನ ಕಿಂಡಿಯಿಂದ ನೋಡುತ್ತಿದ್ದೆ. ಇಡೀ ಕಟ್ಟೆ ಅಪ್ಪನ ಕೈ ನೋಡುತ್ತಿತ್ತು. ಅವನೂ ತನ್ನ ಕೈ ನೋಡಿಕೊಂಡ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಲೋಳೆಯನ್ನು ಬಾಯಿ ತುಂಬ ಎಳೆದದ್ದು ದೊಡ್ಡಪ್ಪನಾದರೂ ಉಗುಳಿದ್ದು ನಮ್ಮ ಮುಖಕ್ಕೆ.

ಸಾಹುಕಾರ ತನ್ನ ಸೋದರಳಿಯನನ್ನು ದೋಣಿಗೆ ಹಾಕಿದ. ಬಾಯಿ ಜೋರು, ಕೆಲಸ ನಿಧಾನ, ಕೂದಲಿಗೆ ಎಣ್ಣೆ ಸುರಿದುಕೊಂಡು ಬರುವ ಗಂಡಸು. ಮೊದಲ ದಿನ ಪರೀಕ್ಷೆಗೆಂದು ಸಾಹುಕಾರ ತಾನೂ ಹತ್ತಿದ. “ಮೇಸ್ತ್ರಿ, ನೀವೂ ಬರ್ಲೇಬೇಕು” ಎಂದ. ಕೊಡುವ ಕೈ ಕರೆದರೆ ಅಸಹ್ಯ ಸ್ವಲ್ಪ ಬದಿಗೆ ಸರಿಯುತ್ತದೆ ಎಂಬುದನ್ನು ಅವತ್ತು ಕಂಡೆ. ದೊಡ್ಡಪ್ಪ ಹಲಗೆ ಒರೆಸಿ, ಬಟ್ಟೆ ಹಾಸಿ, ಕಾಲು ಕೂಡಿಸಿಕೊಂಡು ಕೂತ. ಟಿಕೆಟ್ ಹರಿಯುವ ನೆಪದಲ್ಲಿ ನಾನೂ ಹತ್ತಿದೆ. ಅಪ್ಪ ದಡದ ಮೇಲೆ ನಿಂತಿದ್ದ. ಹೋಗು ಎಂದರೂ ಮನೆಗೆ ಹೋಗಿರಲಿಲ್ಲ.

ನಡುಹೊಳೆ. ಸದ್ದು ತೆಳ್ಳಗಾಯಿತು, ಬಿಕ್ಕಿತು, ನಿಂತಿತು.

ಸೋದರಳಿಯ ಹ್ಯಾಂಡಲ್ ತಿರುಗಿಸಿ ಬೆವರಿದ. ಸಾಹುಕಾರ ಹುಬ್ಬು ಗಂಟಿಕ್ಕಿದ. ದೊಡ್ಡಪ್ಪ ಅವಸರವಿಲ್ಲದೆ ಎದ್ದು, ತನ್ನ ಪದ್ಧತಿಯಂತೆ ಮೊದಲು ಟ್ಯಾಂಕಿನ ಬಳಿ ಹೋಗಿ, ಬೀಗ ತೆಗೆದು, ಮೂಸಲೆಂದು ಮುಚ್ಚಳ ತಿರುಗಿಸಿದ.

'ಉಸ್ಸ್' ಎಂದಿತು ಟ್ಯಾಂಕು. ನೀರಲ್ಲಿ ಮುಳುಗಿ ಎದ್ದವರು ಎಳೆದುಕೊಳ್ಳುವಂಥ ಉಸಿರು.

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ದಡದಲ್ಲಿ ಅವನಿಗೆ ಈ ಸದ್ದು ಎಂದೂ ಕೇಳಿರಲಾರದು. ದೋಣಿಯನ್ನು ತಳ್ಳಿ ತರುವಷ್ಟರಲ್ಲಿ ರಬ್ಬರಿನ ಸಂದಿಯಿಂದ ಗಾಳಿ ಮೆಲ್ಲಗೆ ಒಳಸೇರಿ ಎಲ್ಲ ಸರಿಹೋಗಿರುತ್ತಿತ್ತು. ಉಳಿದದ್ದನ್ನು ಅವನೇ ಮುಚ್ಚಳ ತೆರೆದು ಸರಿ ಮಾಡುತ್ತಿದ್ದ. ರೋಗ ಹುಡುಕಲು ಅವನು ಇಡುತ್ತಿದ್ದ ಮೊದಲ ಹೆಜ್ಜೆಯೇ ರೋಗವನ್ನು ಓಡಿಸಿಬಿಡುತ್ತಿತ್ತು. ಟ್ಯಾಂಕಿನಿಂದ ಡೀಸೆಲ್ ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಹಳೆಯ ಮುಚ್ಚಳದ ತೂತು ಇದ್ದದ್ದು ಅದಕ್ಕೆ. ಇದು ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಜಿರಳೆ ಕಂಡ ಮೇಲೆ ಅವನಿಗೆ ಬೇರೇನೂ ಕಾಣುವುದಿಲ್ಲ.

ಅವನು ತಲೆಯೆತ್ತಿದಾಗ ಎದುರಿಗೆ ನಾನಿದ್ದೆ. ನನ್ನ ಕಿವಿಗೂ ಬಿದ್ದಿದೆ ಎಂದು ಅವನಿಗೆ ತಿಳಿಯಿತು. ಈಗ ಹೇಳುತ್ತಾನೆ ಎಂದುಕೊಂಡೆ. ಆ ಒಂದು ಗಳಿಗೆ ಅವನ ಮೇಲೆ ನನಗೆ ಕರುಣೆಯೇ ಬಂದಿತ್ತು.

“ಏನ್ ಮೇಸ್ತ್ರಿ?” ಎಂದ ಸಾಹುಕಾರ.

“ಏನಿಲ್ಲ, ಏರ್ ಹಿಡಿದಿದೆ,” ಎಂದ ದೊಡ್ಡಪ್ಪ. “ಅವನು ಬಿಚ್ಚಿ ಬಿಚ್ಚಿ ಆ ಸ್ಕ್ರೂ ಹಾಳು ಮಾಡಿಟ್ಟಿದಾನೆ. ನಾಳೆ ಹೊಸದು ಹಾಕ್ತೀನಿ.”

ಮುಚ್ಚಳವನ್ನು ಸಡಿಲವಾಗಿ ಕೂರಿಸಿದ. ಇಂಜಿನ್ ಹಾಡಿಕೊಂಡು ಹೋಯಿತು, ಹಾಡಿಕೊಂಡು ಬಂತು. ಸೋದರಳಿಯ ಮೀಸೆ ತಿರುವಿದ. ದಡದಲ್ಲಿ ನಿಂತಿದ್ದ ಅಪ್ಪ ದೋಣಿ ಸರಿಯಾಗಿ ಬಂದದ್ದನ್ನು ನೋಡಿ, ತಲೆ ತಗ್ಗಿಸಿಕೊಂಡು ಮನೆಯ ದಾರಿ ಹಿಡಿದ.

ನಾನು ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಹಲ್ಲು ಕಡಿದಳು. ಅಪ್ಪ ಮುರಿದ ಸ್ಟೂಲಿನ ಕಾಲಿಗೆ ಮೊಳೆ ಹೊಡೆಯುತ್ತ ಕೇಳಿಸಿಕೊಂಡ.

“ಹೇಳ್ತಾನೆ ಬಿಡು,” ಎಂದ. “ಅವನಿಗೆ ಬಾಯಿ ಬರ್ಬೇಕು, ಅಷ್ಟೇ. ಒಂದೆರಡು ದಿನ ತಡಿ.”

ತಡೆದೆ. ಹೊಸ ಸ್ಕ್ರೂ ಬಂತು, ದೋಣಿ ನಿಲ್ಲದೆ ಓಡಿತು, ಡೀಸೆಲ್ ಕಳ್ಳ ಎಂಬ ಹೆಸರು ಪೇಟೆಯಿಂದ ಕಾರ್ಖಾನೆಯವರೆಗೆ ಉಪ್ಪು ಖಾರ ಹಚ್ಚಿಕೊಂಡು ಅದೇ ದೋಣಿಯಲ್ಲಿ ಓಡಾಡಿತು. ಟಿಕೆಟ್ ತೆಗೆದುಕೊಳ್ಳುವವರು ನನ್ನ ಮುಖ ನೋಡದೆ ಹೋಗುತ್ತಿದ್ದರು. ಅಪ್ಪನಿಗೆ ಬೇರೆ ದೋಣಿಯಿಲ್ಲ, ಬೇರೆ ಹೊಳೆಯಿಲ್ಲ. ಕಳ್ಳನೆಂದು ಇಳಿಸಿದವನನ್ನು ಯಾರು ಹತ್ತಿಸಿಕೊಳ್ಳುತ್ತಾರೆ? ದೊಡ್ಡಪ್ಪನಿಗೆ ಬಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ದೋಣಿ ಖಾಲಿಯಿದ್ದಾಗ ಹೋಗಿ ಮುಚ್ಚಳ ನೋಡಿದೆ. ನಡುವೆ ಸಣ್ಣದೊಂದು ತೂತು. ಅಂಚನ್ನು ನಯವಾಗಿ ಅರ ಹಾಕಿ ಉಜ್ಜಿದ್ದಾನೆ. ಕಣ್ಣಿಟ್ಟು ನೋಡಿದರೆ, ಅಷ್ಟು ಸಾಲದೆಂದು ಧೂಳು ಹೋಗದ ಹಾಗೆ ಒಳಗಡೆಯಿಂದ ಕೂದಲಿಗಿಂತ ತೆಳ್ಳಗಿನ ತಂತಿಯ ಜಾಲರಿ ಕೂರಿಸಿದ್ದಾನೆ. ತಪ್ಪನ್ನು ಮುಚ್ಚುವುದರಲ್ಲೂ ಎಂಥ ಅಚ್ಚುಕಟ್ಟು! ಅದನ್ನು ಮುಟ್ಟಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡೆ.

ಅಲ್ಲಿಂದ ನೇರ ದೊಡ್ಡಪ್ಪನ ವರ್ಕ್‌ಶಾಪಿಗೆ ಹೋದೆ. ವರ್ಕ್‌ಶಾಪ್ ಎಂದರೆ ಮನೆಯ ಮುಂದಿನ ಕೋಣೆ. ಅಲ್ಲಿಯ ನೆಲದಲ್ಲಿ ಮುಖ ಕಾಣುತ್ತದೆ. ಗೋಡೆಯ ಹಲಗೆಯ ಮೇಲೆ ಗಾಜಿನ ಶೀಶೆಗಳಲ್ಲಿ ಊರಿನವರ ಟ್ಯಾಂಕುಗಳಿಂದ ತೆಗೆದ ಗಲೀಜು, ಬಂದವರಿಗೆ ತೋರಿಸಿ ಛೀಮಾರಿ ಹಾಕಲು. ಒಂದರಲ್ಲಿ ನಮ್ಮ ಜಿರಳೆಯೂ ಇತ್ತು.

“ದೊಡ್ಡಪ್ಪ, ಮುಚ್ಚಳಕ್ಕೆ ತೂತು ಕೊರೆದಿದೀರ.”

“ಕೊರೆದೆ. ಏನೀಗ?”

“ಮುಂಚೆ ಇರ್ಲಿಲ್ಲ. ಅದಕ್ಕೇ ಇಂಜಿನ್ ನಿಲ್ತಿತ್ತು. ಅಪ್ಪ ಕದ್ದಿಲ್ಲ.”

ಅವನು ಮೂಲೆಯ ತೊಟ್ಟಿಗೆ ಹೋಗಿ ಕೈ ತೊಳೆಯತೊಡಗಿದ. ಕೈಯಲ್ಲಿ ಏನೂ ಅಂಟಿರಲಿಲ್ಲ.

“ಈಗ ಓಡ್ತಿದೆಯಲ್ಲ. ಹಳೇದನ್ನ ಕೆದಕಿದ್ರೆ ನಾತ ಬರುತ್ತೆ, ಇನ್ನೇನ್ ಬರುತ್ತೆ?” ಎಂದ, ನೊರೆಯನ್ನು ನೋಡುತ್ತ. “ಒಂದು ಆಯುಸ್ಸು ಹಿಡಿದು ಮಾಡ್ಕೊಂಡ ಹೆಸರು ಕಣೇ ನಂದು. ಒಂದು ತೂತಿಗೆ ಹೋಗ್ಬೇಕಾ?”

“ಅಪ್ಪನಿಗೂ ಒಂದು ಹೆಸರಿತ್ತು.”

ಕೈ ತೊಳೆದು, ಮತ್ತೆ ಸಾಬೂನು ಹಚ್ಚಿದ. “ನಿಮ್ಮಪ್ಪನ್ನ ಇಲ್ಲಿಗೆ ಕಳ್ಸು. ನೆಲ ಒರೆಸೋಕೆ, ಬಿಚ್ಚಿದ್ದನ್ನ ತೊಳೆಯೋಕೆ ಒಬ್ರು ಬೇಕು ನಂಗೆ. ನಿಮ್ಮ ದೊಡ್ಡಮ್ಮನ ಕೈಲಿ ಆಗಲ್ಲ ಈಗ.”

“ಅಪ್ಪನ ಕೈ ಕೊಳಕಲ್ವಾ ದೊಡ್ಡಪ್ಪ?”

“ತೊಳ್ಕೊಂಡು ಮುಟ್ಲಿ,” ಎಂದ. ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ದೊಡ್ಡ ಉಪಕಾರ ಮಾಡಿದವನಂತೆ ಟವೆಲ್ಲಿಗೆ ಕೈ ಚಾಚಿದ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಡುವಾಗ ತೊಟ್ಟಿಯ ಅಂಚಿನಲ್ಲಿದ್ದ ಸಾಬೂನಿನಿಂದ ಒಂದು ಚೂರು ಉಗುರಿನಲ್ಲಿ ಕಿತ್ತುಕೊಂಡೆ. ಅವನು ಬೆರಳುಗಳ ಸಂದಿ ಒರೆಸಿಕೊಳ್ಳುತ್ತಿದ್ದ, ನೋಡಲಿಲ್ಲ.

ಸಾಹುಕಾರ ವಾರಕ್ಕೊಮ್ಮೆ ಆಚೆ ದಡಕ್ಕೆ ಹೋಗುತ್ತಾನೆ. ಅವನು ಬರುವ ದಿನಕ್ಕಾಗಿ ಕಾದೆ. ಅವತ್ತು ದೋಣಿ ಬಿಡುವ ಮುಂಚೆ ಮುಚ್ಚಳದ ತೂತಿಗೆ ಸಾಬೂನು ತಿಕ್ಕಿ ತುಂಬಿ, ಬೆರಳಿಂದ ಒತ್ತಿದೆ. ಆಮೇಲೆ ಹತ್ತಿ ಟ್ಯಾಂಕಿನ ಪಕ್ಕದಲ್ಲೇ ಕೂತೆ. ದೋಣಿ ನಿಲ್ಲದೆ ಹೋದರೆ ನನ್ನ ಕಥೆಯೂ ಮುಗಿಯಿತು ಎಂದುಕೊಂಡೆ.

ಹಾಗಾಗಲಿಲ್ಲ. ನಡುಹೊಳೆಯಲ್ಲಿ ಸದ್ದು ತೆಳ್ಳಗಾಗಿ, ಬಿಕ್ಕಿ, ನಿಂತಿತು. “ಮತ್ತೆ ಶುರುವಾಯ್ತಾ ಇದರ ಕಾಟ!” ಎಂದು ಜನ ಗೊಣಗಿದರು. ಸೋದರಳಿಯ ಹೊಸ ಸ್ಕ್ರೂ ಬಿಚ್ಚಿದ.

“ಡೀಸೆಲ್ ಬರ್ತಿಲ್ಲ ಮಾವ. ಗಾಳೀನ ಒಳಗೆ ಎಳೀತಿದೆ,” ಎಂದ.

“ನಮ್ಮಪ್ಪ ಹೇಳಿದ್ದೂ ಇದನ್ನೇ,” ಎಂದೆ ನಾನು. ನನ್ನ ಧ್ವನಿ ನನಗೇ ಕೀರಲಾಗಿ ಕೇಳಿಸಿತು. “ಸಾಹುಕಾರ್ರೇ, ಒಂದು ನಿಮಿಷ ಇಲ್ಲಿ ಕಿವಿ ಕೊಡಿ.”

ತಲೆಯಿಂದ ಪಿನ್ನು ತೆಗೆದು ಸಾಬೂನನ್ನು ಮೀಟಿದೆ. 'ಉಸ್ಸ್' ಎಂದಿತು. ಆ ಕೊನೆಯಲ್ಲಿ ಕೂತವರಿಗೂ ಕೇಳಿಸಿರಬೇಕು. ಸೋದರಳಿಯ ಹಿಡಿದಿದ್ದ ಸ್ಕ್ರೂವಿನ ಬುಡದಲ್ಲಿ ಡೀಸೆಲ್ ತಾನಾಗಿ ಒಸರಿ ಅವನ ಬೆರಳ ಮೇಲೆ ಹರಿಯಿತು. ಬಿಗಿ ಮಾಡಿ ಹ್ಯಾಂಡಲ್ ಹೊಡೆದ. ಒಂದೇ ಏಟಿಗೆ ಶುರು.

“ಏನ್ ಮಾಡ್ದೆ?” ಎಂದ ಸಾಹುಕಾರ.

“ಮುಚ್ಚಿದ್ದು ನಾನೇ, ಬಿಚ್ಚಿದ್ದೂ ನಾನೇ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರಲ್ಲ, ಅಲ್ವಾ? ಇನ್ನೊಂದು ತೂತು ಬೇಕು ಗಾಳಿಗೆ. ಅಡುಗೆ ಮಾಡೋರಿಗೆಲ್ಲ ಗೊತ್ತಿದು. ಈ ಮುಚ್ಚಳ ಬಂದಾಗ ಇದರಲ್ಲಿ ತೂತೇ ಇರ್ಲಿಲ್ಲ. ನೀವೆಲ್ಲ ನಮ್ಮಪ್ಪನ್ನ ಕಳ್ಳ ಅಂದ್ಮೇಲೆ ತಾನಾಗಿ ಹುಟ್ಟಿದ ಹಾಗೆ ತೂತು ಬಂದಿದೆ. ಯಾವಾಗ ಬಂತು ಅಂತ ಮಾಡಿದೋರನ್ನೇ ಕೇಳಿ.”

ಮೂಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು “ಅಯ್ಯೋ, ಹೌದಲ್ಲ ಮತ್ತೆ!” ಎಂದಳು. ಅವಳೂ ವಾರಗಟ್ಟಲೆ ಅಪ್ಪನಿಗೆ ಬೈದವಳೇ. ಸಾಹುಕಾರ ಆಚೆ ದಡಕ್ಕೆ ಹೋಗದೆ ದೋಣಿ ತಿರುಗಿಸಲು ಹೇಳಿದ.

ದೊಡ್ಡಪ್ಪನಿಗೆ ಹೇಳಿಕಳಿಸಿದರು. ಬಿಳಿ ಅಂಗಿ, ಕೈಯಲ್ಲಿ ಚೀಲ. ಕಟ್ಟೆಯ ಮೇಲೆ ಜನ ಸೇರಿದ್ದನ್ನು ನೋಡಿ ಅವನ ನಡಿಗೆ ನಿಧಾನವಾಯಿತು.

“ಮೇಸ್ತ್ರಿ, ಈ ತೂತು ಯಾವಾಗ ಕೊರೆದಿದ್ದು?” ಎಂದ ಸಾಹುಕಾರ.

ಅವನು ನನ್ನನ್ನು ನೋಡಿದ, ಮುಚ್ಚಳ ನೋಡಿದ. ಸುಳ್ಳು ಹೇಳುತ್ತಾನೆಂದು ನಾನು ಸಿದ್ಧಳಾಗಿ ನಿಂತಿದ್ದೆ.

“ನೀವು ಪರೀಕ್ಷೆ ಮಾಡಿದ ದಿನ ಸಾಯಂಕಾಲ,” ಎಂದ.

“ಅಂದ್ರೆ ಅವತ್ತೇ ಗೊತ್ತಾಗಿತ್ತು.”

“ಗೊತ್ತಾಗಿತ್ತು.”

“ತಮ್ಮ ಅಲ್ಲೇನ್ರೀ ಅವನು?”

ಸಾಹುಕಾರ ಪಕ್ಕಕ್ಕೆ ತಿರುಗಿ ಕಟ್ಟೆಯ ಕಲ್ಲಿನ ಮೇಲೆ ಥೂ ಎಂದು ಉಗುಳಿದ. ದೊಡ್ಡಪ್ಪನ ಕಣ್ಣು ಆ ಉಗುಳಿನ ಮೇಲೆ ಹೋಗಿ ಅಲ್ಲೇ ನೆಟ್ಟಿತು. ಇಷ್ಟೆಲ್ಲದರ ನಡುವೆಯೂ ಅವನ ಮೂಗು ಮುದುಡಿತು! ನಾನು ಮುಖ ತಿರುಗಿಸಿದೆ.

ಮರುದಿನ ಸಾಹುಕಾರ ಹೇಳಿಕಳಿಸಿದ, ಅಪ್ಪ ಮತ್ತೆ ದೋಣಿಗೆ ಹೋದ. ಅವನ ಹಲಗೆಯ ಕೆಳಗೆ ಬಾಟಲಿಯನ್ನು ಯಾರೋ ವಾಪಸ್ ಇಟ್ಟಿದ್ದರು. ಮೂಟೆಯ ಮುದುಕಿ ಎಲ್ಲರಿಗಿಂತ ಮೊದಲು ಹತ್ತಿ, ತನಗೆ ಮೊದಲಿಂದಲೂ ಗೊತ್ತಿತ್ತು ಎಂದು ಎಲ್ಲರಿಗೂ ಹೇಳುತ್ತ ಕೂತಳು. ಜನರಿಗೆ ನಾಚಿಕೆಯೂ ಇರುವುದಿಲ್ಲ.

ಅವತ್ತು ಸಂಜೆ, ಇನ್ನೂ ಬೆಳಕಿರುವಾಗಲೇ, ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದ. ಚೀಲ ತಂದಿರಲಿಲ್ಲ. ಅಮ್ಮ ಅವನನ್ನು ನೋಡಿ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಕುಕ್ಕತೊಡಗಿದಳು.

“ಬಾ ಅಣ್ಣ,” ಎಂದ ಅಪ್ಪ.

ಬೆಂಚು ಒರೆಸದೆ ಕೂತ.

“ಆ ಸ್ಕ್ರೂ ಚೆನ್ನಾಗೇ ಇತ್ತು,” ಎಂದ, ಗೋಡೆ ನೋಡುತ್ತ. “ನೀನು ಹಾಳು ಮಾಡಿರ್ಲಿಲ್ಲ.”

“ಹೂಂ.”

“ಗಾಳಿ ಎಳ್ಕೊಳ್ಳುತ್ತೆ ಅಂದಿದ್ದೆ ನೀನು.”

“ಅಂದಿದ್ದೆ.”

ಕ್ಷಮೆ ಗಿಮೆ ಏನೂ ಅವನ ಬಾಯಿಂದ ಬರಲಿಲ್ಲ. ನನ್ನ ಕಡೆ ತಿರುಗಿ “ಸ್ವಲ್ಪ ನೀರು ಕೊಡು” ಎಂದ. ನಾನು ನಮ್ಮ ಮನೆಯ ಲೋಟದಲ್ಲಿ, ಅಪ್ಪ ದಿನವೂ ಕುಡಿಯುವ ಸೊಟ್ಟ ಲೋಟದಲ್ಲಿ, ಬೇಕೆಂದೇ ತಂದುಕೊಟ್ಟೆ. ಅವನು ಇಡೀ ಕೈಯಿಂದ ಹಿಡಿದ. ಅಭ್ಯಾಸಬಲ, ಒಳಗೆ ಇಣುಕಿದ. ಆಮೇಲೆ ಅಂಚಿಗೆ ತುಟಿಯಿಟ್ಟು ಕುಡಿದ. ಒಂದು ಗುಟುಕು ತಳದಲ್ಲಿ ಉಳಿಸಿ, ಲೋಟವನ್ನು ಬೆಂಚಿನ ಮೇಲಿಟ್ಟು, ಎದ್ದು ಹೋದ. ಅಂಗಿ ಕೊಡವಲಿಲ್ಲ.

ಆ ಬಾಯಿ ತಾಗಿದ ಲೋಟವನ್ನು ತೊಳೆಯಲೆಂದು ಎತ್ತಿಕೊಂಡೆ. ಅಷ್ಟರಲ್ಲಿ ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಉಳಿದ ಗುಟುಕಿನ ಮೇಲೆಯೇ ಕೊಡದಿಂದ ನೀರು ಬಗ್ಗಿಸಿಕೊಂಡು, ಗಟಗಟ ಕುಡಿದ.

“ಛೀ ಅಪ್ಪ!” ಎಂದೆ ನಾನು.

ಅಪ್ಪ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದ. “ನೀನೂ ಶುರು ಮಾಡ್ಬೇಡ ಮಗಳೇ,” ಎಂದ.

ನನ್ನ ಎರಡು ಬೆರಳು ಲೋಟದ ಅಂಚು ಹಿಡಿದ ಹಾಗೆಯೇ ಇನ್ನೂ ಗಾಳಿಯಲ್ಲಿದ್ದವು.